ಕಾಲ್ಚೆಂಡಿನ ಬಯಲಿನಿಂದ ಮುಷ್ಟಿಯುದ್ಧದ ಕಣಕ್ಕೆ: ಕೇಟಿ ಟೇಲರಳ ಕ್ರೀಡಾಜೀವನದ ಒಂದು ಸಮೀಕ್ಷೆ

೧

ಐರ್ಲೆಂಡಿನ ಕೇಟಿ ಟೇಲರಳ ಹೆಸರು ಮುಷ್ಟಿಯುದ್ಧದಲ್ಲಿ, ಎಂದರೆ ಬಾಕ್ಸಿಂಗಿನಲ್ಲಿ, ಸ್ವಲ್ಪವಾದರೂ ಆಸಕ್ತಿಯುಳ್ಳವರಿಗೆ ಹೊಸದಲ್ಲ. ಹವ್ಯಾಸಿ ವಿಭಾಗದಲ್ಲಿ ಐದು ವಿಶ್ವಪ್ರಶಸ್ತಿಗಳು, ಒಂದು ಒಲಿಂಪಿಕ್ ಚಿನ್ನದ ಪದಕ, ವೃತ್ತಿಪರ ವಿಭಾಗದಲ್ಲಿ ಎರಡು ತೂಕವರ್ಗಗಳ ನಿರ್ವಿವಾದ ಚಾಂಪಿಯನ್ ಪದವಿ, ಇವಿಷ್ಟೂ ಒಬ್ಬಳ ಸಂಪಾದನೆ. ಆದರೆ ಈಕೆಯೇ ೨೦೦೬ರಿಂದ ೨೦೦೯ರವರೆಗೆ ಐರ್ಲೆಂಡಿನ ರಾಷ್ಟ್ರೀಯ ಮಹಿಳಾ ಕಾಲ್ಚೆಂಡು ತಂಡದ ಪರವಾಗಿ ಹನ್ನೊಂದು ಪಂದ್ಯಗಳನ್ನಾಡಿ ಎರಡು ಗೋಲುಗಳನ್ನು ಹೊಡೆದಿದ್ದಳೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆಕೆಯ ಜೀವನವನ್ನು ಕುರಿತ ಬರಹಗಳಲ್ಲಿ ಇದು ಒಂದು ಸಾಲಿನ ವಿಷಯವಾಗಿ ಬಂದುಹೋಗುತ್ತದೆ.

ಈ ಒಂದು ಸಾಲಿನ ಹಿಂದೆ ವಿಚಾರಾರ್ಹವಾದ ಪ್ರಶ್ನೆಯೊಂದು ಅಡಗಿದೆಯೆಂದು ನಾವು ಭಾವಿಸುತ್ತೇವೆ. ಎರಡು ಆಟಗಳಲ್ಲಿಯೂ ತನ್ನ ದೇಶವನ್ನು ಪ್ರತಿನಿಧಿಸಬಲ್ಲವಳಾಗಿದ್ದವಳು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದುದೇಕೆ? ಪ್ರತಿಭೆಯು ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆಂಬುದು ಲೋಕರೂಢಿಯ ಉತ್ತರ. ಆ ಉತ್ತರ ಪೂರ್ತಿ ಸುಳ್ಳಲ್ಲವಾದರೂ ಸಾಲದು. ದಾರಿಯನ್ನು ಕಡಿಯುವವರೂ ಬೇಲಿಯನ್ನು ಹಾಕುವವರೂ ಬೇರೆಯವರು, ನಡೆಯುವವರು ಬೇರೆಯವರು. ಕ್ರೀಡಾಸಂಸ್ಥೆಗಳ ನಿಯಮಗಳು ಒಬ್ಬ ಆಟಗಾರ್ತಿಯ ಬಾಳನ್ನು ಎಷ್ಟರಮಟ್ಟಿಗೆ ರೂಪಿಸುತ್ತವೆಂಬುದನ್ನು ಈ ಒಂದು ಉದಾಹರಣೆಯಿಂದ ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ. ಸ್ತುತಿಪಾಠ ನಮ್ಮ ಗುರಿಯಲ್ಲ. ಆಕೆಯ ಸೋಲುಗಳನ್ನೂ ಸಂದೇಹಾಸ್ಪದವಾದ ಗೆಲುವನ್ನೂ ಯಥಾವತ್ತಾಗಿ ಪರಿಶೀಲಿಸುತ್ತೇವೆ.

೨

ಮೊದಲು ಹಿನ್ನೆಲೆಯನ್ನು ಸಂಗ್ರಹವಾಗಿ ಹೇಳಬೇಕು. ಕಾಲ್ಚೆಂಡು, ಮುಷ್ಟಿಯುದ್ಧ ಇವೆರಡೂ ಹೆಂಗಸರಿಗೆ ಬಹುಕಾಲ ಮುಚ್ಚಿದ್ದ ಬಾಗಿಲುಗಳು. ೧೯೨೦ರ ಡಿಸೆಂಬರಿನಲ್ಲಿ ಲಿವರ್‌ಪೂಲಿನ ಗುಡಿಸನ್ ಪಾರ್ಕ್ ಮೈದಾನದಲ್ಲಿ ನಡೆದ ಒಂದು ಮಹಿಳಾ ಕಾಲ್ಚೆಂಡು ಪಂದ್ಯಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮಾರನೆಯ ವರ್ಷದ ಡಿಸೆಂಬರಿನಲ್ಲಿಯೇ ಇಂಗ್ಲೆಂಡಿನ ಫುಟ್‌ಬಾಲ್ ಸಂಘವು ಈ ಆಟ ಹೆಂಗಸರಿಗೆ ಉಚಿತವಲ್ಲವೆಂದು ಸಾರಿ, ತನ್ನ ಅಧೀನದ ಕ್ಲಬ್ಬುಗಳ ಮೈದಾನಗಳಲ್ಲಿ ಅವರ ಪಂದ್ಯಗಳನ್ನು ನಡೆಸಕೂಡದೆಂದು ವಿಧಿಸಿತು. ಈ ನಿಷೇಧ ಸುಮಾರು ಅರ್ಧ ಶತಮಾನ ಕಾಲ ಉಳಿಯಿತು. ಐರ್ಲೆಂಡಿನ ಮಹಿಳಾ ತಂಡವು ತನ್ನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯವನ್ನು ವೇಲ್ಸಿನ ಮೇಲೆ ಆಡಿದುದು ೧೯೭೩ರಲ್ಲಿ.

ಮುಷ್ಟಿಯುದ್ಧದ ಬಾಗಿಲು ಇದಕ್ಕಿಂತಲೂ ತಡವಾಗಿ ತೆರೆಯಿತು. ಐರ್ಲೆಂಡಿನ ಡ್ರಾಹೆಡಾ ಪಟ್ಟಣದ ಡೀರ್ಡ್ರ ಗೋಗರ್ಟಿ ಎಂಬಾಕೆಗೆ ಸ್ವದೇಶದಲ್ಲಿ ಕಾದಲು ಅನುಮತಿ ದೊರೆಯದೆ ಆಕೆ ಅಮೆರಿಕಕ್ಕೆ ಹೋಗಬೇಕಾಯಿತು. ೧೯೯೬ರ ಮಾರ್ಚಿಯಲ್ಲಿ ಲಾಸ್ ವೇಗಸ್ ನಗರದಲ್ಲಿ ಕ್ರಿಸ್ಟಿ ಮಾರ್ಟಿನಳೊಡನೆ ಆಕೆ ನಡೆಸಿದ ಹೋರಾಟ ಸೋಲಿನಲ್ಲಿ ಮುಗಿದರೂ, ಮಹಿಳಾ ಮುಷ್ಟಿಯುದ್ಧವನ್ನು ಲಕ್ಷಾಂತರ ಜನ ಮೊದಲ ಬಾರಿಗೆ ಗಂಭೀರವಾಗಿ ನೋಡಿದುದು ಅಂದೇ. ಬ್ರಿಟನ್ನಿನಲ್ಲಿ ಜೇನ್ ಕೌಚ್ ಎಂಬಾಕೆ ಪರವಾನೆಗಾಗಿ ನ್ಯಾಯಮಂಡಲಿಯ ಮೊರೆಹೊಕ್ಕು ೧೯೯೮ರಲ್ಲಿ ಗೆದ್ದಳು. ಋತುಕಾಲದಲ್ಲಿ ಹೆಂಗಸರ ಮನಸ್ಸು ಸ್ತಿಮಿತದಲ್ಲಿರುವುದಿಲ್ಲವೆಂಬ ವಾದವನ್ನು ಆಗ ನಿಯಂತ್ರಣ ಮಂಡಲಿಯು ಮುಂದಿಟ್ಟಿತ್ತೆಂಬುದನ್ನು ನೆನೆದರೆ ಕಾಲ ಎಷ್ಟು ಹತ್ತಿರದ್ದೆಂಬುದು ಮನವರಿಕೆಯಾಗುತ್ತದೆ. ಹವ್ಯಾಸಿ ವಿಭಾಗದ ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ ನಡೆದುದು ಅಮೆರಿಕದ ಸ್ಕ್ರ್ಯಾಂಟನ್ ನಗರದಲ್ಲಿ, ೨೦೦೧ರಲ್ಲಿ. ಆಗ ಕೇಟಿ ಟೇಲರಳಿಗೆ ಹದಿನೈದು ವರ್ಷ.

೩

ಆಕೆ ಹುಟ್ಟಿದುದು ೧೯೮೬ರ ಜುಲೈ ೨ರಂದು, ಡಬ್ಲಿನ್ನಿಗೆ ದಕ್ಷಿಣದಲ್ಲಿ ವಿಕ್ಲೋ ಪ್ರಾಂತಕ್ಕೆ ಸೇರಿದ ಬ್ರೇ ಎಂಬ ಕಡಲ ತೀರದ ಪಟ್ಟಣದಲ್ಲಿ. ತಂದೆ ಪೀಟರ್ ಟೇಲರ್ ಇಂಗ್ಲೆಂಡಿನ ಲೀಡ್ಸ್ ನಗರದವನು, ವಿದ್ಯುತ್ ಕೆಲಸಗಾರ. ಕೆಲಸಕ್ಕಾಗಿ ಐರ್ಲೆಂಡಿಗೆ ಬಂದು ಅಲ್ಲಿಯೇ ನೆಲಸಿ, ಮಗಳು ಹುಟ್ಟಿದ ವರ್ಷದಲ್ಲಿಯೇ ಲೈಟ್ ಹೆವಿವೇಟ್ ವರ್ಗದಲ್ಲಿ ಐರ್ಲೆಂಡಿನ ಚಾಂಪಿಯನ್ ಆದವನು. ತಾಯಿ ಬ್ರಿಜೆಟಳೂ ಮುಷ್ಟಿಯುದ್ಧದ ತೀರ್ಪುಗಾರಳಾಗಿ ಕೆಲಸಮಾಡಿದವಳು. ನಾಲ್ವರು ಮಕ್ಕಳಲ್ಲಿ ಕೊನೆಯವಳಾದ ಕೇಟಿ, ತಂದೆಯ ಕೈಕೆಳಗೆ ಅಭ್ಯಾಸವನ್ನಾರಂಭಿಸಿದಳು. ಮನೆಯ ಬಾಗಿಲು ಹೀಗೆ ತೆರೆದಿತ್ತು, ಹೊರಗಿನದು ತೆರೆದಿರಲಿಲ್ಲ.

ಹುಡುಗಿಯರಿಗೆ ಪಂದ್ಯಗಳೇ ಇಲ್ಲದಿದ್ದುದರಿಂದ ಆಕೆ ಹುಡುಗರೊಡನೆ ಕಾದಬೇಕಾಯಿತು. ಪಟ್ಟಿಯಲ್ಲಿ 'ಕೆ. ಟೇಲರ್' ಎಂದು ಹೆಸರು ಬರೆಸಿ, ಕೂದಲನ್ನು ಶಿರಸ್ತ್ರಾಣದೊಳಗೆ ಅಡಗಿಸಿಕೊಂಡು ಕಣಕ್ಕಿಳಿಯುತ್ತಿದ್ದಳು. ಪಂದ್ಯ ಮುಗಿದು ಶಿರಸ್ತ್ರಾಣ ತೆಗೆದಾಗಲೇ ನೋಡುವವರಿಗೆ ಗುಟ್ಟು ತಿಳಿಯುತ್ತಿತ್ತು. ನಮ್ಮ ಪುರಾಣಗಳಲ್ಲಿ ಗಂಡುವೇಷದಿಂದ ಯುದ್ಧಕ್ಕೆ ಹೊರಟ ಹೆಂಗಸರ ಕಥೆಗಳನ್ನು ಓದಿ ಬೆರಗಾಗುವ ನಾವು, ಇಪ್ಪತ್ತನೆಯ ಶತಮಾನದ ಕಡೆಯಲ್ಲಿ ಹತ್ತು ಹನ್ನೆರಡು ವರ್ಷದ ಮಗುವೊಂದು ಆಟವಾಡುವುದಕ್ಕಾಗಿ ಅದೇ ಉಪಾಯವನ್ನು ಹಿಡಿಯಬೇಕಾಯಿತೆಂಬುದನ್ನು ಗಮನಿಸಬೇಕು. ಬಾಲ್ಯದಲ್ಲಿ ಆಕೆ ಡೀರ್ಡ್ರ ಗೋಗರ್ಟಿಗೆ ಕಾಗದ ಬರೆದಿದ್ದಳೆಂಬುದೂ ಇಲ್ಲಿ ಉಲ್ಲೇಖಾರ್ಹ. ತನ್ನ ಮುಂದೆ ಹೋದ ಒಬ್ಬಳಾದರೂ ಇದ್ದಾಳೆಂಬ ಅರಿವು ಆ ವಯಸ್ಸಿಗೆ ಸಣ್ಣ ಆಸರೆಯಲ್ಲ.

೨೦೦೧ರ ಅಕ್ಟೋಬರ್ ೩೧ರಂದು ಡಬ್ಲಿನ್ನಿನ ನ್ಯಾಷನಲ್ ಸ್ಟೇಡಿಯಂನಲ್ಲಿ ಐರ್ಲೆಂಡಿನ ಮೊದಲ ಅಧಿಕೃತ ಮಹಿಳಾ ಮುಷ್ಟಿಯುದ್ಧ ಪಂದ್ಯ ನಡೆಯಿತು. ಅಂದು ಕಣಕ್ಕಿಳಿದ ಇಬ್ಬರಲ್ಲಿ ಗೆದ್ದವಳು ಹದಿನೈದರ ಕೇಟಿ. ಇನ್ನು ಮುಂದೆ ಕೂದಲನ್ನು ಅಡಗಿಸಬೇಕಾದ ಕಾರಣವಿರಲಿಲ್ಲ.

ಇದೇ ಕಾಲದಲ್ಲಿ ಆಕೆ ಕಾಲ್ಚೆಂಡನ್ನೂ ಆಡುತ್ತಿದ್ದಳು. ಗೇಲಿಕ್ ಫುಟ್‌ಬಾಲ್, ಕಮೋಗಿ ಎಂಬ ಐರಿಷ್ ದೇಶೀಯ ಆಟಗಳಲ್ಲಿಯೂ ಆಕೆಗೆ ಪಳಗಿದ ಕೈಯಿತ್ತು. ಕಾಲ್ಚೆಂಡಿನಲ್ಲಿ ಕಿರಿಯರ ರಾಷ್ಟ್ರೀಯ ತಂಡಗಳಲ್ಲಿ ಆಡಿ, ಪೀಮೌಂಟ್ ಯುನೈಟೆಡ್ ಕ್ಲಬ್ಬಿನಲ್ಲಿ ಹೆಸರು ಪಡೆದು, ೨೦೦೬ರಲ್ಲಿ ಹಿರಿಯರ ತಂಡವನ್ನು ಸೇರಿದಳು. ಆ ವರ್ಷ ಆಕೆಗೆ ಇಪ್ಪತ್ತು ತುಂಬಿತ್ತು.

೪

ಈ ಎರಡು ಆಟಗಳ ಪರಸ್ಪರ ಸಂಬಂಧವನ್ನು ಇಲ್ಲಿ ಸ್ವಲ್ಪ ವಿಚಾರಿಸುವುದು ಸೂಕ್ತ. ಹೊರನೋಟಕ್ಕೆ ಒಂದು ಕಾಲಿನ ಆಟ, ಇನ್ನೊಂದು ಕೈಯ ಆಟ. ಆದರೆ ಮುಷ್ಟಿಯುದ್ಧವನ್ನು ಬಲ್ಲವರು ಅದನ್ನು ಕಾಲಿನ ಆಟವೆಂದೇ ಕರೆಯುತ್ತಾರೆ. ಹೊಡೆತದ ಬಲ ತೋಳಿನಲ್ಲಿ ಹುಟ್ಟುವುದಿಲ್ಲ. ಹಿಂಗಾಲು ನೆಲವನ್ನು ಒತ್ತಿದಾಗ ಹುಟ್ಟಿ, ಸೊಂಟದ ತಿರುವಿನಲ್ಲಿ ಬೆಳೆದು, ಭುಜದ ಮೂಲಕ ಮುಷ್ಟಿಗೆ ಹರಿಯುತ್ತದೆ. ಕಾಲು ತಪ್ಪಾದ ಜಾಗದಲ್ಲಿದ್ದರೆ ತೋಳಿನಲ್ಲಿ ಎಷ್ಟು ಬಲವಿದ್ದರೂ ನಿಷ್ಫಲ. ತನ್ನ ಕೈಗೆ ಎದುರಾಳಿ ಸಿಕ್ಕಬೇಕು, ಎದುರಾಳಿಯ ಕೈಗೆ ತಾನು ಸಿಕ್ಕಬಾರದು. ಈ ಗೇಣಿನ ಅಂತರವನ್ನು ಅಳೆದು ಅಳೆದು ಕಾಯುವುದೇ ಆಟದ ಸಾರ.

ನಡುಮೈದಾನದಲ್ಲಿ ಕಾಲ್ಚೆಂಡಾಡುವವಳಿಗೆ ಇಂಥ ಅಂತರದ ಲೆಕ್ಕ ಅಭ್ಯಾಸವಾಗಿರುತ್ತದೆ. ಒಂದು ಕಡೆಗೆ ವಾಲಿದಂತೆ ತೋರಿಸಿ ಇನ್ನೊಂದು ಕಡೆಗೆ ಹೊರಳುವ ಹುಸಿನಡೆ, ನಿಂತ ನಿಲುವಿನಿಂದ ಎರಡು ಹೆಜ್ಜೆಗಳಲ್ಲಿ ವೇಗವನ್ನು ಪಡೆಯುವುದು, ಓಡಿ ದಣಿದು ಕ್ಷಣಕಾಲ ಚೇತರಿಸಿಕೊಂಡು ಮತ್ತೆ ಓಡುವ ಉಸಿರಿನ ಸಾಮರ್ಥ್ಯ, ಇವು ಎರಡು ಆಟಗಳಿಗೂ ಸಮಾನ. ಕೇಟಿ ಟೇಲರಳ ಹವ್ಯಾಸಿ ಪಂದ್ಯಗಳನ್ನು ನೋಡಿದವರು ಆಕೆ ಎದುರಾಳಿಯ ಸಮೀಪಕ್ಕೆ ನುಗ್ಗಿ, ನಾಲ್ಕೈದು ಹೊಡೆತಗಳ ಸರಣಿಯನ್ನು ಸುರಿಸಿ, ಉತ್ತರ ಬರುವಷ್ಟರಲ್ಲಿ ಪಕ್ಕಕ್ಕೆ ಸರಿದಿರುತ್ತಿದ್ದುದನ್ನು ಬಲ್ಲರು. ಆ ಒಳಬರುವಿಕೆ ಹೊರಹೋಗುವಿಕೆಗಳಲ್ಲಿ ಕಾಲ್ಚೆಂಡಿನ ಅಂಶ ಉಂಟೆಂಬುದು ನಮ್ಮ ಅಭಿಪ್ರಾಯ.

ಆದರೆ ಮರೆಯಬೇಕಾದ ಪಾಠಗಳೂ ಉಂಟು. ಕಾಲ್ಚೆಂಡಿನಲ್ಲಿ ಒಂದು ಕಾಲನ್ನು ಇನ್ನೊಂದರ ಮುಂದೆ ಅಡ್ಡ ಹಾಯಿಸಿ ತಿರುಗುವುದು ಸಹಜ. ಹಗ್ಗದ ಕಣದಲ್ಲಿ ಕಾಲುಗಳು ಒಂದನ್ನೊಂದು ದಾಟಿದ ಕ್ಷಣವೇ ಸಮತೋಲ ತಪ್ಪುತ್ತದೆ. ಅಲ್ಲಿ ದೃಷ್ಟಿ ಚೆಂಡಿಗೂ ಮೈದಾನಕ್ಕೂ ಹಂಚಿಹೋಗುತ್ತದೆ. ಇಲ್ಲಿ ಎದುರಾಳಿಯ ಎದೆಯಿಂದ ಕಣ್ಣು ಕದಲುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಭೇದವೆಂದರೆ, ಕಾಲ್ಚೆಂಡಿನಲ್ಲಿ ಆಯಾಸವಾದಾಗ ಚೆಂಡನ್ನು ಜೊತೆಗಾತಿಗೆ ಒಪ್ಪಿಸಿ ಉಸಿರೆಳೆದುಕೊಳ್ಳಬಹುದು. ಮುಷ್ಟಿಯುದ್ಧದಲ್ಲಿ ಒಪ್ಪಿಸಲು ಯಾರೂ ಇಲ್ಲ. ತೊಂಬತ್ತು ನಿಮಿಷ ಹನ್ನೊಂದು ಮಂದಿ ಹಂಚಿಕೊಳ್ಳುವ ಭಾರವನ್ನು ಇಲ್ಲಿ ಕೆಲವೇ ನಿಮಿಷ ಒಬ್ಬಳು ಹೊರುತ್ತಾಳೆ.

೫

ಆಯ್ಕೆಯ ಪ್ರಶ್ನೆಗೆ ಈಗ ಬರೋಣ. ೨೦೦೫ರಲ್ಲಿ ನಾರ್ವೆಯ ಟೋನ್ಸ್‌ಬರ್ಗಿನಲ್ಲಿ ಕೇಟಿ ಯೂರೋಪಿನ ಚಾಂಪಿಯನ್ ಆದಳು. ೨೦೦೬ರ ನವೆಂಬರಿನಲ್ಲಿ ೬೦ ಕಿಲೋ ವರ್ಗದಲ್ಲಿ ಆಕೆಯ ಮೊದಲ ವಿಶ್ವಪ್ರಶಸ್ತಿ ಬಂದುದು ನಮ್ಮ ದೇಶದ ನವದೆಹಲಿಯಲ್ಲಿ. ಅದೇ ಕೂಟದಲ್ಲಿ ಮಣಿಪುರದ ಮೇರಿ ಕೋಮ್ ಸಹ ತನ್ನ ವರ್ಗದಲ್ಲಿ ಚಿನ್ನ ಗೆದ್ದಳೆಂಬುದು ನಮ್ಮ ವಾಚಕರಿಗೆ ನೆನಪಿರಬಹುದು. ಮುಂದೆ ೨೦೦೮ರಲ್ಲಿ ಚೀನದ ನಿಂಗ್ಬೋ, ೨೦೧೦ರಲ್ಲಿ ಬಾರ್ಬಡೋಸ್, ೨೦೧೨ರಲ್ಲಿ ಚಿನ್‌ಹ್ವಾಂಗ್‌ಡಾವ್, ೨೦೧೪ರಲ್ಲಿ ಕೊರಿಯದ ಜೇಜು, ಹೀಗೆ ಸತತವಾಗಿ ಐದು ಬಾರಿ ಕೇಟಿ ವಿಶ್ವ ಚಾಂಪಿಯನ್ ಆದಳು.

ಆದರೆ ಇಷ್ಟಾದರೂ ಮುಷ್ಟಿಯುದ್ಧದಲ್ಲಿ ಹೆಂಗಸರಿಗೆ ಒಲಿಂಪಿಕ್ ಪ್ರವೇಶವಿರಲಿಲ್ಲ. ೨೦೦೮ರ ಬೀಜಿಂಗ್ ಕೂಟಕ್ಕೆ ಅದನ್ನು ಸೇರಿಸಬೇಕೆಂಬ ಕೋರಿಕೆಯನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ೨೦೦೫ರಲ್ಲಿ ತಿರಸ್ಕರಿಸಿತ್ತು. ಮುಂದೆ ಸಮಿತಿಯ ಮನವೊಲಿಸುವುದಕ್ಕಾಗಿ ಏರ್ಪಟ್ಟ ಪ್ರದರ್ಶನ ಪಂದ್ಯಗಳಲ್ಲಿ ಕೇಟಿಯೂ ಭಾಗವಹಿಸಿದಳು. ೨೦೦೯ರ ಆಗಸ್ಟ್ ೧೩ರಂದು ಬರ್ಲಿನ್ನಿನಲ್ಲಿ ಸೇರಿದ ಸಮಿತಿಯ ಕಾರ್ಯಕಾರಿ ಮಂಡಲಿ, ೨೦೧೨ರ ಲಂಡನ್ ಕೂಟದಲ್ಲಿ ಮಹಿಳಾ ಮುಷ್ಟಿಯುದ್ಧಕ್ಕೆ ಅವಕಾಶವಿತ್ತಿತು. ರಾಷ್ಟ್ರೀಯ ಕಾಲ್ಚೆಂಡು ತಂಡದಲ್ಲಿ ಕೇಟಿ ಟೇಲರಳ ಕಡೆಯ ಪಂದ್ಯವೂ ಅದೇ ೨೦೦೯ರದು. ಒಲಿಂಪಿಕ್ ಪದಕವೆಂಬುದು ಕೈಗೆಟಕುವ ವಸ್ತುವಾದ ಮೇಲೆ ಎರಡು ದೋಣಿಗಳಲ್ಲಿ ಕಾಲಿಡಲು ಎಡೆಯಿರಲಿಲ್ಲ.

ಈ ಅವಕಾಶದ ಗಾತ್ರವನ್ನೂ ನೋಡಬೇಕು. ಗಂಡಸರಿಗೆ ಹತ್ತು ತೂಕವರ್ಗಗಳು, ೨೫೦ ಸ್ಥಾನಗಳು. ಹೆಂಗಸರಿಗೆ ೫೧, ೬೦, ೭೫ ಕಿಲೋಗಳ ಮೂರು ವರ್ಗಗಳು, ಒಟ್ಟು ೩೬ ಸ್ಥಾನಗಳು. ಕೇಟಿಯ ಸಹಜವಾದ ತೂಕ ಈ ಮೂರರಲ್ಲಿ ಒಂದಕ್ಕೆ ಸರಿಯಾಗಿ ಒದಗಿತು. ಮೇರಿ ಕೋಮಳಿಗೆ ಹಾಗಾಗಲಿಲ್ಲ. ೪೬ ಮತ್ತು ೪೮ ಕಿಲೋ ವರ್ಗಗಳಲ್ಲಿ ವಿಶ್ವವನ್ನು ಗೆದ್ದವಳು ೫೧ಕ್ಕೆ ಏರಿ, ತನಗಿಂತ ದೊಡ್ಡ ಮೈಕಟ್ಟಿನವರೊಡನೆ ಕಾದಿ ಕಂಚಿನ ಪದಕದಿಂದ ತೃಪ್ತಳಾಗಬೇಕಾಯಿತು. ಒಂದೇ ನಿರ್ಣಯ ಒಬ್ಬಳಿಗೆ ಹೆದ್ದಾರಿಯಾಗಿಯೂ ಇನ್ನೊಬ್ಬಳಿಗೆ ಏರುದಾರಿಯಾಗಿಯೂ ಪರಿಣಮಿಸಿತು. ಇಬ್ಬರ ಯೋಗ್ಯತೆಯ ತಾರತಮ್ಯವನ್ನು ಪದಕಗಳ ಬಣ್ಣದಿಂದ ಅಳೆಯಹೊರಡುವವರು ಇದನ್ನು ಮರೆಯಬಾರದು. ವಿಶ್ವಪ್ರಶಸ್ತಿಗಳ ಎಣಿಕೆಯಲ್ಲಾದರೋ, ೨೦೧೮ರಲ್ಲಿ ಆರನೆಯದನ್ನು ಗೆದ್ದ ಮೇರಿ ಕೋಮ್ ಕೇಟಿಯನ್ನು ಮೀರಿಸಿದಳು.

೬

ಲಂಡನ್ ಕೂಟದ ಉದ್ಘಾಟನೆಯಲ್ಲಿ ಐರ್ಲೆಂಡಿನ ಧ್ವಜವನ್ನು ಹಿಡಿದು ನಡೆದವಳು ಕೇಟಿ. ಆಗಸ್ಟ್ ೬ರಂದು ನಡೆದ ಆಕೆಯ ಮೊದಲ ಪಂದ್ಯದಲ್ಲಿ ಎದುರಾಳಿ ಲಿವರ್‌ಪೂಲಿನ ನತಾಶಾ ಜೋನಸ್. ಈಕೆಯೂ ಮೊದಲು ಕಾಲ್ಚೆಂಡಾಡಿದವಳು; ಆ ಆಟದ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ, ಮೊಣಕಾಲಿನ ಪೆಟ್ಟಿನಿಂದ ಅದನ್ನು ಬಿಟ್ಟು, ಊರಿಗೆ ಮರಳಿದ ಮೇಲೆ ಕೈಗವಸು ತೊಟ್ಟವಳು. ಒಬ್ಬಳು ಆಯ್ಕೆಯಿಂದ, ಇನ್ನೊಬ್ಬಳು ಆಕಸ್ಮಿಕದಿಂದ, ಹೀಗೆ ಇಬ್ಬರು ಮಾಜಿ ಕಾಲ್ಚೆಂಡಾಟಗಾರ್ತಿಯರು ಒಲಿಂಪಿಕ್ ಕಣದಲ್ಲಿ ಎದುರುಬದುರಾದರು. ಕಿವಿಗಡಚಿಕ್ಕುವ ಕೋಲಾಹಲದ ನಡುವೆ ಕೇಟಿ ೨೬–೧೫ರಿಂದ ಗೆದ್ದಳು. ಮುಂದಿನ ಪಂದ್ಯದಲ್ಲಿ ತಾಜಿಕಿಸ್ತಾನದ ಮಾವ್ಜುನಾ ಚೋರಿಯೇವಾಳನ್ನು ೧೭–೯ರಿಂದ ಸೋಲಿಸಿದಳು.

ಆಗಸ್ಟ್ ೯ರ ಅಂತಿಮ ಪಂದ್ಯ ರಷ್ಯದ ಸೋಫಿಯಾ ಒಚಿಗಾವಾಳೊಡನೆ. ಎರಡು ನಿಮಿಷಗಳ ನಾಲ್ಕು ಸುತ್ತುಗಳು. ಒಚಿಗಾವಾ ತಾನಾಗಿ ಮುನ್ನುಗ್ಗದೆ, ಎದುರಾಳಿ ಬರುವುದನ್ನು ಕಾದಿದ್ದು ಮರುಹೊಡೆತ ಕೊಡುವ ಚತುರೆ. ಮೊದಲ ಸುತ್ತು ೨–೨ರ ಸಮ. ಎರಡನೆಯದರಲ್ಲಿ ರಷ್ಯದವಳಿಗೆ ೨–೧ರ ಮೇಲುಗೈ. ಅರ್ಧ ದಾರಿಯಲ್ಲಿ ಐದು ಬಾರಿಯ ವಿಶ್ವ ಚಾಂಪಿಯನ್ ಆಗಲಿದ್ದವಳು ಒಂದು ಅಂಕ ಹಿಂದೆ! ಮೂರನೆಯ ಸುತ್ತಿನಲ್ಲಿ ಕೇಟಿ ವೇಗವನ್ನೂ ಬಲಗೈಯ ಬಳಕೆಯನ್ನೂ ಹೆಚ್ಚಿಸಿ ೪–೧ ಅಂಕ ಪಡೆದಳು. ಕಡೆಯ ಸುತ್ತು ೩–೩. ಒಟ್ಟು ೧೦–೮. ಚಿನ್ನದ ಪದಕ ನಿರ್ಧಾರವಾದುದು ಆ ಮೂರನೆಯ ಸುತ್ತಿನ ಎರಡು ನಿಮಿಷಗಳಲ್ಲಿ. ೧೯೯೨ರಲ್ಲಿ ಮೈಕೆಲ್ ಕ್ಯಾರುತ್ ಗೆದ್ದ ಮೇಲೆ ಮುಷ್ಟಿಯುದ್ಧದಲ್ಲಿ ಐರ್ಲೆಂಡಿಗೆ ದೊರೆತ ಮೊದಲ ಒಲಿಂಪಿಕ್ ಚಿನ್ನ ಅದು.

೭

ಏರಿದವರು ಇಳಿಯುವುದು ಲೋಕಧರ್ಮ. ೨೦೧೬ರ ರಿಯೋ ಕೂಟಕ್ಕೆ ಮುನ್ನವೇ ತಂದೆ ಮಗಳ ಗುರುಶಿಷ್ಯ ಸಂಬಂಧ ಕಡಿದಿತ್ತು. ಬಾಲ್ಯದಿಂದಲೂ ಕಣದ ಮೂಲೆಯಲ್ಲಿ ನಿಂತು ಸುತ್ತುಸುತ್ತಿಗೂ ಬುದ್ಧಿ ಹೇಳುತ್ತಿದ್ದ ದನಿ ಈಗ ಅಲ್ಲಿರಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಅಸ್ತಾನದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಉಪಾಂತ್ಯದಲ್ಲಿ ಫ್ರಾನ್ಸಿನ ಎಸ್ತೆಲ್ ಮೊಸೆಲಿಗೆ ಸೋತು ಕೇಟಿ ಕಂಚನ್ನು ಪಡೆದಳು. ಆಗಸ್ಟಿನಲ್ಲಿ ರಿಯೋದಲ್ಲಿ ಫಿನ್ಲೆಂಡಿನ ಮೀರಾ ಪೊಟ್ಕೋನೆನಳಿಗೆ ಮೊದಲ ಪಂದ್ಯದಲ್ಲಿಯೇ ಸೋತು ಬರಿಗೈಯಲ್ಲಿ ಮರಳಿದಳು. ಮೂವತ್ತು ವರ್ಷ ತುಂಬಿದ್ದವಳ ಕಥೆ ಇಲ್ಲಿಗೆ ಮುಗಿಯಿತೆಂದು ಯಾರಾದರೂ ಎಣಿಸಿದ್ದರೆ ಅದು ತಪ್ಪಾಗುತ್ತಿರಲಿಲ್ಲ.

ಆಕೆ ವೃತ್ತಿಪರ ಕಣವನ್ನು ಹೊಕ್ಕುದು ಈ ಹಂತದಲ್ಲಿ. ೨೦೧೬ರ ನವೆಂಬರ್ ೨೬ರಂದು ಲಂಡನ್ನಿನ ವೆಂಬ್ಲಿಯಲ್ಲಿ ಪೋಲೆಂಡಿನ ಕರೀನಾ ಕೊಪಿನ್ಸ್ಕಾಳ ಮೇಲಣ ಮೊದಲ ಪಂದ್ಯವನ್ನು ರೆಫರಿ ಮೂರನೆಯ ಸುತ್ತಿನಲ್ಲಿ ನಿಲ್ಲಿಸಿದನು. ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ರಾಸ್ ಎನಮೈಟ್ ಎಂಬ ಶಿಕ್ಷಕನ ಬಳಿ ಆಕೆ ಹೊಸದಾಗಿ ಅಭ್ಯಾಸಕ್ಕೆ ತೊಡಗಿದಳು. ಹೊಸದಾಗಿ ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಹವ್ಯಾಸಿ ಪಂದ್ಯದಲ್ಲಿ ಆಗ ಎಂಟು ನಿಮಿಷ. ವೃತ್ತಿಪರ ಪ್ರಶಸ್ತಿ ಪಂದ್ಯದಲ್ಲಿ ಹತ್ತು ಸುತ್ತುಗಳ ಇಪ್ಪತ್ತು ನಿಮಿಷ. ಅಲ್ಲಿ ಶಿರಸ್ತ್ರಾಣವುಂಟು, ಇಲ್ಲಿಲ್ಲ, ಕೈಗವಸುಗಳೂ ಹಗುರ. ಅಲ್ಲಿ ಮುಟ್ಟಿ ಸರಿದುಹೋದರೆ ಅಂಕ ಬರುತ್ತಿತ್ತು. ಇಲ್ಲಿ ಹೊಡೆತಕ್ಕೆ ತೂಕವಿಲ್ಲದಿದ್ದರೆ ಎದುರಾಳಿ ಅಂಜುವುದಿಲ್ಲ. ಹದಿನೆಂಟು ವರ್ಷಗಳ ಅಭ್ಯಾಸವನ್ನು ಮೂವತ್ತನೆಯ ವಯಸ್ಸಿನಲ್ಲಿ ತಿದ್ದಿಕೊಳ್ಳುವುದು ಸುಲಭವಲ್ಲ. ಆದರೆ ಒಂದು ಆಟದ ಕಾಲನ್ನು ಇನ್ನೊಂದಕ್ಕೆ ಒಗ್ಗಿಸಿಕೊಂಡ ಅನುಭವ ಆಕೆಗೆ ಮೊದಲೇ ಇತ್ತೆಂಬುದನ್ನು ನಾವು ಮೇಲೆ ಕಂಡಿದ್ದೇವೆ.

ವರ್ಷ ತುಂಬುವ ಮೊದಲೇ, ೨೦೧೭ರ ಅಕ್ಟೋಬರಿನಲ್ಲಿ, ಕಾರ್ಡಿಫ್ ನಗರದಲ್ಲಿ ಅರ್ಜೆಂಟೀನದ ಅನಾಹಿ ಸಾಂಚೆಸಳನ್ನು ಸೋಲಿಸಿ ಲೈಟ್‌ವೇಟ್ ವರ್ಗದ ಮೊದಲ ವಿಶ್ವಪಟ್ಟವನ್ನು ಗಳಿಸಿದಳು. ವೃತ್ತಿಪರ ಮುಷ್ಟಿಯುದ್ಧದಲ್ಲಿ ನಾಲ್ಕು ಸಂಸ್ಥೆಗಳು ಬೇರೆಬೇರೆಯಾಗಿ ವಿಶ್ವಪಟ್ಟಗಳನ್ನು ಕೊಡುತ್ತವೆ. ನಾಲ್ಕೂ ಒಬ್ಬರಲ್ಲಿಯೇ ಕೂಡಿದರೆ ಅವರನ್ನು ನಿರ್ವಿವಾದ ಚಾಂಪಿಯನ್ ಎನ್ನುತ್ತಾರೆ. ೨೦೧೯ರ ಜೂನ್ ೧ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಕೇಟಿ ಆ ಪದವಿಗೇರಿದಳು.

೮

ಆದರೆ ಪದವಿ ನಿರ್ವಿವಾದವಾದರೂ ಪಂದ್ಯ ನಿರ್ವಿವಾದವಾಗಿರಲಿಲ್ಲ. ಎದುರಾಳಿ ಬೆಲ್ಜಿಯಂ ದೇಶದ ಡೆಲ್ಫೀನ್ ಪೆರ್ಸೂನ್; ವೃತ್ತಿಯಿಂದ ಪೋಲೀಸಿನವಳು. ಆಕೆಯ ನಿಲುವಿನಲ್ಲಿ ಅಂದವಿರಲಿಲ್ಲ, ಹೊಡೆತಕ್ಕೆ ಬಿಡುವಿರಲಿಲ್ಲ. ಕಡೆಯ ಸುತ್ತುಗಳಲ್ಲಿ ಕೇಟಿ ಹಿಂದೆ ಸರಿಯುತ್ತ, ಮುಖ ಊದಿಕೊಂಡು ಹೇಗೋ ಮುಗಿಸಿದಳು. ಇಬ್ಬರು ತೀರ್ಪುಗಾರರು ೯೬–೯೪ ಎಂದು ಕೇಟಿಯ ಪರವಾಗಿಯೂ ಮೂರನೆಯವರು ೯೫–೯೫ ಎಂದು ಸಮವಾಗಿಯೂ ತೀರ್ಪಿತ್ತರು. ಪೆರ್ಸೂನಳೇ ಗೆದ್ದಳೆಂದು ನಂಬಿದವರು ಬಹುಮಂದಿ. ಅವರ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಇಬ್ಬರೂ ೨೦೨೦ರ ಆಗಸ್ಟಿನಲ್ಲಿ ಮತ್ತೊಮ್ಮೆ ಕಾದಿದಾಗ ಮೂವರೂ ತೀರ್ಪುಗಾರರು ಕೇಟಿಯ ಪರವಾಗಿದ್ದರು. ಸಂದೇಹ ಬಂದಲ್ಲಿ ಮತ್ತೆ ಕಣಕ್ಕಿಳಿದು ಉತ್ತರ ಕೊಡುವ ಪರಿಪಾಠವನ್ನು ಆಕೆ ಮುಂದೆಯೂ ಬಿಡಲಿಲ್ಲ.

೨೦೨೨ರ ಏಪ್ರಿಲ್ ೩೦ರಂದು ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮೊತ್ತಮೊದಲ ಬಾರಿಗೆ ಹೆಂಗಸರ ಮುಷ್ಟಿಯುದ್ಧವೊಂದು ರಾತ್ರಿಯ ಮುಖ್ಯ ಪಂದ್ಯವಾಯಿತು. ಕೇಟಿಯ ಎದುರು ನಿಂತವಳು ಪೋರ್ಟೊರೀಕೋದ ಅಮಾಂಡಾ ಸೆರ್ರಾನೋ, ಏಳು ತೂಕವರ್ಗಗಳಲ್ಲಿ ಪಟ್ಟ ಗೆದ್ದ ಎಡಗೈ ನಿಲುವಿನವಳು. ನೆರೆದ ಪ್ರೇಕ್ಷಕರು ೧೯,೧೮೭. ಐದನೆಯ ಸುತ್ತಿನಲ್ಲಿ ಕೇಟಿ ಬೀಳುವಂತಾಗಿ, ಹಗ್ಗಕ್ಕೊರಗಿ ಪೆಟ್ಟು ತಿಂದು, ಮತ್ತೆ ಚೇತರಿಸಿಕೊಂಡು, ಕಡೆಯ ಸುತ್ತುಗಳನ್ನು ತನ್ನವಾಗಿಸಿಕೊಂಡಳು. ಇಬ್ಬರು ತೀರ್ಪುಗಾರರು ಆಕೆಯ ಕಡೆ, ಒಬ್ಬರು ಸೆರ್ರಾನೋಳ ಕಡೆ.

ಮರುವರ್ಷ ಮೇ ತಿಂಗಳಲ್ಲಿ ಡಬ್ಲಿನ್ನಿನಲ್ಲಿ ಕೇಟಿಯ ಮೊದಲ ವೃತ್ತಿಪರ ಪಂದ್ಯ ಏರ್ಪಟ್ಟಿತು. ಊರಿನವರ ಮುಂದೆ, ಒಂದು ವರ್ಗ ಮೇಲಕ್ಕೇರಿ, ಇಂಗ್ಲೆಂಡಿನ ಶಾಂಟೆಲ್ ಕ್ಯಾಮರಾನಳನ್ನು ಎದುರಿಸಿ ಸೋತಳು. ವೃತ್ತಿಪರ ಕಣದಲ್ಲಿ ಅದು ಆಕೆಯ ಮೊದಲ ಸೋಲು. ೨೦೨೩ರ ನವೆಂಬರ್ ೨೫ರಂದು ಅದೇ ಸಭಾಂಗಣದಲ್ಲಿ, ಅದೇ ಎದುರಾಳಿಯನ್ನು ಬಹುಮತದ ತೀರ್ಪಿನಿಂದ ಸೋಲಿಸಿ ಎರಡನೆಯ ವರ್ಗದಲ್ಲಿಯೂ ನಿರ್ವಿವಾದ ಚಾಂಪಿಯನ್ ಆದಳು. ಸೆರ್ರಾನೋಳನ್ನು ೨೦೨೪ರ ನವೆಂಬರಿನಲ್ಲಿ ಟೆಕ್ಸಸ್ಸಿನಲ್ಲಿ ಒಮ್ಮೆ, ೨೦೨೫ರ ಜುಲೈ ೧೧ರಂದು ನ್ಯೂಯಾರ್ಕಿನಲ್ಲಿ ಇನ್ನೊಮ್ಮೆ ಎದುರಿಸಿ ಎರಡು ಬಾರಿಯೂ ಗೆದ್ದಳು. ಕಡೆಯದು ಆಕೆಗೆ ಮೂವತ್ತೊಂಬತ್ತು ತುಂಬಿದ ಒಂಬತ್ತನೆಯ ದಿನ. ಆ ಪಂದ್ಯಕ್ಕೆ ಇಪ್ಪತ್ತಾರು ಹೋರಾಟಗಳಲ್ಲಿ ಇಪ್ಪತ್ತೈದು ಗೆಲುವು, ಒಂದು ಸೋಲು.

ಈ ಲೆಕ್ಕದಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಇಪ್ಪತ್ತೈದು ಗೆಲುವುಗಳಲ್ಲಿ ಪಂದ್ಯ ಪೂರ್ತಿ ಮುಗಿಯುವ ಮೊದಲೇ ಬಂದವು ಆರು ಮಾತ್ರ. ಮಿಕ್ಕವೆಲ್ಲ ತೀರ್ಪುಗಾರರ ಕಾಗದದ ಮೇಲೆ ನಿರ್ಣಯವಾದವು. ಇದಕ್ಕೆ ಆಕೆಯ ಶೈಲಿಯೊಂದೇ ಕಾರಣವಲ್ಲ. ಗಂಡಸರ ಪ್ರಶಸ್ತಿ ಪಂದ್ಯದಲ್ಲಿ ಮೂರು ನಿಮಿಷಗಳ ಹನ್ನೆರಡು ಸುತ್ತುಗಳು, ಒಟ್ಟು ಮೂವತ್ತಾರು ನಿಮಿಷ, ಹೆಂಗಸರದರಲ್ಲಿ ಇಪ್ಪತ್ತು. ದಣಿದ ಎದುರಾಳಿಯನ್ನು ಕೆಡವುವ ಅವಕಾಶ ಮೂರನೆಯ ನಿಮಿಷದಲ್ಲಿ ಹೆಚ್ಚು. ಆ ನಿಮಿಷವೇ ಇಲ್ಲಿಲ್ಲ. ಹೀಗಾಗಿ ಸಮಬಲರ ಪಂದ್ಯಗಳು ಒಂದೆರಡು ಅಂಕಗಳ ಅಂತರದಲ್ಲಿ ಮುಗಿದು ವಿವಾದಕ್ಕೆ ಎಡೆಗೊಡುತ್ತವೆ. ಈ ನಿಯಮ ಹೆಂಗಸರ ದೇಹವನ್ನು ಕಾಯುವುದಕ್ಕೆಂದು ಸಮರ್ಥಿಸುವವರುಂಟು. ಸೆರ್ರಾನೋಳಾದರೋ ೨೦೨೩ರಲ್ಲಿ ಮೂರು ನಿಮಿಷಗಳ ಹನ್ನೆರಡು ಸುತ್ತುಗಳ ಪಂದ್ಯವನ್ನಾಡಿ ಗೆದ್ದು, ಅದಕ್ಕೆ ಒಪ್ಪದ ಸಂಸ್ಥೆಯೊಂದರ ಪಟ್ಟವನ್ನೇ ಹಿಂದಿರುಗಿಸಿದಳು. ವಾದ ಇನ್ನೂ ಮುಗಿದಿಲ್ಲ. ಅದು ವೈದ್ಯಶಾಸ್ತ್ರದ ಪುರಾವೆಯಿಂದ ತೀರ್ಮಾನವಾಗಬೇಕೇ ಹೊರತು ಪೂರ್ವಾಗ್ರಹದಿಂದಲ್ಲವೆಂದಷ್ಟೇ ನಾವು ಹೇಳಬಲ್ಲೆವು.

೯

ಕೇಟಿ ಟೇಲರ್ ಬಿಟ್ಟುಬಂದ ಆಟದ ಗತಿ ಏನಾಯಿತು? ೨೦೧೭ರ ಏಪ್ರಿಲಿನಲ್ಲಿ ಐರ್ಲೆಂಡಿನ ರಾಷ್ಟ್ರೀಯ ಮಹಿಳಾ ಕಾಲ್ಚೆಂಡು ತಂಡದವರು ಡಬ್ಲಿನ್ನಿನಲ್ಲಿ ಪತ್ರಿಕೆಗಳ ಮುಂದೆ ಬಂದು, ತಮಗೆ ಕೊಡುವ ತಂಡದ ಉಡುಪು ಇತರ ತಂಡಗಳೊಡನೆ ಹಂಚಿಕೊಳ್ಳಬೇಕಾದುದೆಂದೂ, ವಿಮಾನ ನಿಲ್ದಾಣದ ಶೌಚಗೃಹಗಳಲ್ಲಿ ಅದನ್ನು ಕಳಚಿ ಹಿಂದಿರುಗಿಸಿ ಮನೆಗೆ ಹೋಗಬೇಕಾಗಿದೆಯೆಂದೂ ಬಹಿರಂಗವಾಗಿ ಹೇಳಿದರು. ಅದೇ ವರ್ಷ ಕೇಟಿ ಕಾರ್ಡಿಫಿನಲ್ಲಿ ವಿಶ್ವಪಟ್ಟ ಧರಿಸಿದಳು. ೨೦೦೯ರಲ್ಲಿ ಆಕೆ ಕಾಲ್ಚೆಂಡನ್ನೇ ಹಿಡಿದಿದ್ದರೆ ಆ ದಿನ ಆ ಸಾಲಿನಲ್ಲಿ ಒಬ್ಬಳಾಗಿ ನಿಂತಿರುತ್ತಿದ್ದಳೋ ಏನೋ! ಮುಂದೆ ಸ್ಥಿತಿ ಸುಧಾರಿಸಿತು. ೨೦೨೧ರಲ್ಲಿ ಗಂಡಸರಿಗೂ ಹೆಂಗಸರಿಗೂ ರಾಷ್ಟ್ರೀಯ ತಂಡದಲ್ಲಿ ಸಮಾನ ಸಂಭಾವನೆ ಎಂದಾಯಿತು; ೨೦೨೩ರಲ್ಲಿ ಐರ್ಲೆಂಡಿನ ವನಿತೆಯರು ಮೊದಲ ಬಾರಿಗೆ ವಿಶ್ವಕಪ್ಪನ್ನಾಡಿದರು. ಆದರೆ ಅಷ್ಟರಲ್ಲಿ ೧೯೮೬ರಲ್ಲಿ ಹುಟ್ಟಿದವಳ ಆಟದ ವಯಸ್ಸು ಬಹುಪಾಲು ಕಳೆದಿತ್ತು. ಸಂಸ್ಥೆಗಳು ಹತ್ತು ವರ್ಷ ಕಾಯಬಲ್ಲವು; ಆಟಗಾರ್ತಿಯ ಕಾಲುಗಳು ಕಾಯಲಾರವು.

ಮೇಲಿನ ವಿವೇಚನೆಯಿಂದ ನಾವು ತೆಗೆಯುವ ನಿರ್ಣಯ ಇಷ್ಟು. ಕೇಟಿ ಟೇಲರಳ ಶ್ರಮವನ್ನೂ ಧೈರ್ಯವನ್ನೂ ಯಾವ ನಿಯಮವೂ ಆಕೆಗೆ ದಾನಮಾಡಲಿಲ್ಲ. ಮೂರನೆಯ ಸುತ್ತಿನಲ್ಲಿ ನಾಲ್ಕು ಅಂಕ ಗಳಿಸಿದುದು ಆಕೆಯ ಕೈ. ಆದರೆ ಆ ಕೈಗೆ ಕಣವೊಂದು ದೊರೆತುದು ೨೦೦೧ರ ಡಬ್ಲಿನ್ನಿನ ಅನುಮತಿಯಿಂದ, ೨೦೦೯ರ ಬರ್ಲಿನ್ನಿನ ನಿರ್ಣಯದಿಂದ. ಈ ಎರಡರಲ್ಲಿ ಒಂದು ಹತ್ತು ವರ್ಷ ತಡವಾಗಿದ್ದರೂ ಅದೇ ಪ್ರತಿಭೆ, ಅದೇ ಶ್ರಮ ಇದ್ದು, ಈ ಲೇಖನಕ್ಕೆ ವಿಷಯವಿರುತ್ತಿರಲಿಲ್ಲ. ಒಬ್ಬಳ ಬಾಳಿನಿಂದ ಸಾರ್ವತ್ರಿಕ ಸೂತ್ರವನ್ನು ಕಟ್ಟುವುದು ಸಾಹಸವೆಂಬುದನ್ನು ನಾವು ಬಲ್ಲೆವು. ಆದರೂ ಗೋಗರ್ಟಿ, ಜೋನಸ್, ಮೇರಿ ಕೋಮ್ ಇವರ ಬಾಳುಗಳೂ ಬೇರೆಬೇರೆ ರೀತಿಯಲ್ಲಿ ಇದನ್ನೇ ಹೇಳುತ್ತವೆ.

ನಮ್ಮ ಶಾಲೆ ಕಾಲೇಜುಗಳಲ್ಲಿ ಎರಡು ಮೂರು ಆಟಗಳಲ್ಲಿ ಸಮಾನ ಗತಿಯುಳ್ಳ ಹುಡುಗಿಯರು ದುರ್ಲಭರಲ್ಲ. ಅವರಲ್ಲಿ ಯಾರು ಯಾವ ಆಟವನ್ನು ಉಳಿಸಿಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ, ಬಿಡುವುದು ಇಚ್ಛೆಯಿಂದಲೋ ನಿರ್ವಾಹವಿಲ್ಲದೆಯೋ ಎಂಬುದನ್ನು ಕ್ರಮವಾಗಿ ಬರೆದಿಟ್ಟು ಪರಿಶೀಲಿಸುವುದು ವಿಶ್ವವಿದ್ಯಾನಿಲಯಗಳು ಕೈಗೊಳ್ಳಬಹುದಾದ ಕಾರ್ಯ. ಗೆದ್ದವರ ಹೆಸರು ಫಲಕದ ಮೇಲೆ ಇದ್ದೇ ಇರುತ್ತದೆ. ಬಾಗಿಲಿನ ಹೊರಗೆ ನಿಂತು ಹಿಂದಿರುಗಿದವರ ಲೆಕ್ಕವನ್ನು ಯಾರಾದರೂ ಇಡಬೇಕು.